ಪಡುಹಿತ್ಲು ಸೋಮನಾಥನ ಫೋಟೋ

ಮನೆಗೆ ಸುಣ್ಣ ಹೊಡೆಯುವವರು ಬಂದರೆಂದರೆ ಆ ಮನೆಯ ಗುಟ್ಟೆಲ್ಲ ಅಂಗಳಕ್ಕೆ ಬಂತೆಂದೇ ಲೆಕ್ಕ. ಮೊನ್ನೆ ನಮ್ಮಲ್ಲೂ ಹಾಗೇ ಆಯಿತು. ಕಾಲು ಮುರಿದ ಮಂಚ, ನನ್ನ ಹಳೆಯ ಬಣ್ಣದ ಡಬ್ಬಿ, ಯಾರೋ ರಾಜ ಬಿಟ್ಟುಹೋದ ಕಾಗದದ ಕಿರೀಟ, ಎಲ್ಲ ಬಿಸಿಲು ಕಾಯಿಸುತ್ತ ಕುಳಿತಿದ್ದವು. ನನ್ನ ಸೊಸೆ ಚಾವಡಿಯ ಗೋಡೆಯಿಂದ ಒಂದು ಫೋಟೋ ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ, ಬೆಳಕಿಗೆ ಹಿಡಿದು ಕೇಳಿದಳು:

"ಮಾವ, ಇದು ಯಾರು? ಮದುವೆಯಾಗಿ ಬಂದಾಗಿನಿಂದ ಕೇಳ್ಬೇಕು ಅಂತ ಉಂಟು. ಅತ್ತೆ ದಿನಾ ಹೂ ಇಡ್ತಾರೆ. ನಿಮ್ಮ ಅಣ್ಣನಾ?"

"ಅಲ್ಲ."

"ಅತ್ತೆ ಕಡೆಯವರಾ?"

"ಅಲ್ಲ."

"ಮತ್ತೆ?"

"ಅದು ನಾನು," ಎಂದೆ.

ಫೋಟೋದಲ್ಲಿರುವವನು ಕೋಟು ಹಾಕಿದ, ದಪ್ಪ ಮೀಸೆಯ, ಬೆಳ್ಳನೆಯ ಮನುಷ್ಯ. ಕಣ್ಣಿನಲ್ಲಿ ಏನೋ ದೊಡ್ಡ ಯೋಚನೆ. ನಾನೋ, ಕಪ್ಪು, ಮೀಸೆ ಮೊದಲಿನಿಂದಲೂ ಅಂಟಿಸಿಕೊಂಡದ್ದೇ, ಕಣ್ಣಿನಲ್ಲಿ ಯೋಚನೆ ಇದ್ದದ್ದನ್ನು ಯಾರೂ ಕಂಡವರಿಲ್ಲ. ಸೊಸೆ ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಜಲಜಳ ಸ್ವರ ಬಂತು.

"ಅವರ ಮಾತು ಕೇಳ್ಬೇಡ ಮಗಾ. ಅದು ಸೋಮನಾಥಣ್ಣ. ನಮ್ಮ ಮದುವೆ ಮಾಡಿಸಿದವರು."

ನಾನು ಹೇಳಿದ್ದೂ ನಿಜ, ಅವಳು ಹೇಳಿದ್ದೂ ನಿಜ. ಎರಡೂ ಸುಳ್ಳು ಎಂದು ಯಾರಾದರೂ ಹೇಳಿದರೆ ಅದೂ ನಿಜವೇ. ಈ ಗೊಂದಲವನ್ನು ತಲೆಯಲ್ಲಿ ಇಟ್ಟುಕೊಂಡೇ ನಾನು ಮುದುಕನಾದದ್ದು. ಇವತ್ತು ನಿಮ್ಮ ತಲೆಗೂ ಸ್ವಲ್ಪ ಹಂಚುತ್ತೇನೆ, ಕುಳಿತುಕೊಳ್ಳಿ.

ಮೊದಲು ನನ್ನ ಬಗ್ಗೆ ಹೇಳಬೇಕು. ಹೇಳದೆ ಬಿಟ್ಟರೆ ನಿಮಗೇ ನಷ್ಟ. ಮಂಗಳೂರಿನಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಾಟಕ ಆಡುತ್ತಿದ್ದ ಕಾಲದಲ್ಲಿ, ಬಂದರಿನಿಂದ ಬೋಳೂರಿನವರೆಗೆ ನನ್ನಷ್ಟು ಚಂದ ಬೀಳುವವರು ಯಾರೂ ಇರಲಿಲ್ಲ. ಹೌದು, ಬೀಳುವುದು. ಎಲ್ಲರೂ ಬೀಳುತ್ತಾರೆ, ಆದರೆ ಬೀಳುವ ಮೊದಲು ಒಂದು ಕ್ಷಣ 'ನಾನು ಬೀಳುವವನೇ ಅಲ್ಲ' ಎಂಬ ಮುಖ ಮಾಡುವುದು ಇದೆಯಲ್ಲ, ಅದು ಕಲಿತು ಬರುವಂಥದ್ದಲ್ಲ. ನಾನು ರಂಗಕ್ಕೆ ಬಂದದ್ದೇ ಹಾಗೆ. ಊರಿನ ಒಂದು ಪೌರಾಣಿಕ ನಾಟಕದಲ್ಲಿ ನನಗೆ ದ್ವಾರಪಾಲಕನ ಪಾತ್ರ ಕೊಟ್ಟಿದ್ದರು. ಮಾತು ಒಂದೇ: 'ಅಪ್ಪಣೆ.' ಬಗ್ಗಿ ಅಪ್ಪಣೆ ಎನ್ನುವಾಗ ಈಟಿ ಕಾಲಿಗೆ ಸಿಕ್ಕಿ ನಾನು ಸಿಂಹಾಸನದ ಬುಡಕ್ಕೆ ಹೋಗಿ ಬಿದ್ದೆ. ರಾಜನ ದುಃಖದ ಪದ ಅಲ್ಲಿಗೇ ನಿಂತಿತು. ಜನ ಚಾಪೆಯ ಮೇಲೆ ಹೊರಳಾಡಿ ನಕ್ಕರು. ಎದ್ದು ನಿಂತಾಗ ನನಗೆ ನನ್ನ ಹಣೆಬರಹ ಗೊತ್ತಾಗಿಹೋಗಿತ್ತು.

ನಾವು ಮೀನುಗಾರ ಜನ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಗಂಡಸರೆಲ್ಲ ಬೋಳೂರಿನ ಬಲೆ ಕೊಟ್ಟಿಗೆಯಲ್ಲಿ ಕುಳಿತು ಹರಿದ ಬಲೆ ಹೆಣೆಯುತ್ತಾರೆ. ನಮ್ಮ ನಾಟಕ ತಯಾರಾಗುತ್ತಿದ್ದದ್ದು ಅಲ್ಲಿ. ಕೈ ಬಲೆಯಲ್ಲಿ, ಬಾಯಿ ನಾಟಕದಲ್ಲಿ. ಆದ್ದರಿಂದ ನಮ್ಮ ನಟರಿಗೆ ರಂಗದ ಮೇಲೆ ಬರಿಗೈ ಬಂದರೆ ಮಾತು ಮರೆಯುತ್ತಿತ್ತು. ಸೇನಾಪತಿಗೆ ಕೂಡ ಒಂದು ತುಂಡು ಬಲೆ ಕೊಡಬೇಕಾಗುತ್ತಿತ್ತು. ನಾಟಕದ ಗಂಭೀರ ಮಾತೆಲ್ಲ ಕನ್ನಡ, ನಗೆಯೆಲ್ಲ ತುಳು. ನಾವು ಮಾತಾಡಿಕೊಳ್ಳುವುದೂ ತುಳುವಿನಲ್ಲೇ. ಇಲ್ಲಿ ನಿಮಗೋಸ್ಕರ ಕನ್ನಡ ಮಾಡಿದ್ದೇನೆ, ಉಪಕಾರ ನೆನಪಿರಲಿ.

ಬರೆಯುವವನು ನಾನು. ಕಲಿಸುವವನು ನಾನು. ಬೀಳುವವನೂ ನಾನು. ಮೊದಲ ನಾಟಕದ ಹ್ಯಾಂಡ್‌ಬಿಲ್ ಅಚ್ಚು ಮಾಡಿಸಲು ಹೋದಾಗ ಅಚ್ಚಿನ ಮೊಳೆ ಜೋಡಿಸುವವನು ಕನ್ನಡಕದ ಮೇಲಿನಿಂದ ನೋಡಿ ಕೇಳಿದ:

"ರಚನೆ ಬಾಬು, ನಿರ್ದೇಶನ ಬಾಬು, ಹಾಸ್ಯಪಾತ್ರ ಬಾಬು. ಇದೆಂತ ಮಾರಾಯ, ನಾಟಕವಾ ನಿಮ್ಮ ಮನೆ ಮದುವೆಯಾ? ಬೇರೆ ಜನ ಇಲ್ವಾ?"

ನನ್ನನ್ನು ಕೆಣಕಿದ ಹಾಗಾಯಿತು. "ಉಂಟು, ಬರೆದದ್ದು ಬೇರೆಯವರು. ಸೋಮನಾಥ ಅಂತ ಹಾಕು."

"ಎಲ್ಲಿಯ ಸೋಮನಾಥ? ಮನೆ ಯಾವುದು?"

ನಮ್ಮೂರಲ್ಲಿ ಬರಿಯ ಹೆಸರಿಗೆ ಬೆಲೆ ಇಲ್ಲ. ಮನೆಯ ಹೆಸರು ಬೇಕು. ಮನೆ ಹೇಳಿದರೆ ತಾಯಿ ಯಾರು, ಸೋದರಮಾವ ಯಾರು, ಅಜ್ಜ ಯಾರ ಹತ್ತಿರ ಜಗಳ ಮಾಡಿದ್ದ ಎಂಬುದೆಲ್ಲ ತನ್ನಷ್ಟಕ್ಕೆ ಹಿಂದೆ ಬರುತ್ತದೆ. ಬಾಯಿಗೆ ಬಂದದ್ದು ಹೇಳಿದೆ: "ಪಡುಹಿತ್ಲು. ಕೂಳೂರು ಹೊಳೆಯಿಂದ ಆಚೆ."

ಅಷ್ಟೇ ನಾನು ಮಾಡಿದ್ದು. ಉಳಿದದ್ದೆಲ್ಲ ಊರು ಮಾಡಿದ್ದು.

ನಾಟಕ ಗೆದ್ದಿತು. ಮರುದಿನವೇ ಮೀನು ಮಾರ್ಕೆಟ್ಟಿನಲ್ಲಿ ಒಬ್ಬ, "ಪಡುಹಿತ್ಲಿನವರಾ? ಅವರ ಅಜ್ಜ ದೊಡ್ಡ ಓದು ಓದಿದವರು," ಎಂದ. ಇನ್ನೊಬ್ಬನಿಗೆ ಆ ಮನೆಯ ಬಾವಿಯ ನೀರು ಸಿಹಿ ಎಂದು ಗೊತ್ತಿತ್ತು. ಇವರೆಲ್ಲರಿಗಿಂತ ಮುಂದೆ ಹೋದವರು ನಮ್ಮ ದೂಮಪ್ಪ ಗುರಿಕಾರರು. ಗುರಿಕಾರರೆಂದರೆ ನಮ್ಮ ಜನರ ಹಿರಿಯ, ತೀರ್ಪು ಹೇಳುವವರು. ಕಿವಿಯಲ್ಲಿ ಒಂಟಿ, ಹೆಗಲಲ್ಲಿ ಶಾಲು, ಸೊಂಟದಲ್ಲಿ ಬೀಗದ ಕೈ. ತೊಕ್ಕೊಟ್ಟಿನಿಂದ ಕೂಳೂರಿನ ಆಚೆಯವರೆಗೆ ನಮ್ಮವರ ಒಂದೊಂದು ಮನೆಯೂ ಅವರಿಗೆ ಗೊತ್ತಿರಬೇಕು. 'ಆ ಮನೆ ನನಗೆ ಗೊತ್ತಿಲ್ಲ' ಎಂದು ಗುರಿಕಾರರ ಬಾಯಿಂದ ಬಂದರೆ ಆಮೇಲೆ ಅವರ ತೀರ್ಪಿಗೆ ಕಿವಿ ಕೊಡುವವರು ಯಾರು? ಯಾರೋ ಅವರನ್ನು ಕೇಳಿದಾಗ ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಹೇಳಿದರಂತೆ: "ಸೋಮನಾಥನಾ? ಸಣ್ಣವನಿರುವಾಗ ನೋಡಿದ್ದೇನೆ. ಎತ್ತರದ ಜನ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ತಂಡದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಕಿಟ್ಟನಿಗೆ ಹೇಳಿ ಹೇಳಿ ನಕ್ಕೆ. ಸೋಮನಾಥ ಇಲ್ಲ ಎಂದು ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಕಿಟ್ಟನಿಗೆ ಮಾತ್ರ. ಒಂದೊಂದು ನಾಟಕಕ್ಕೂ ಸೋಮನಾಥ ಬೆಳೆದ. ಬೆಳ್ಳಗಾದ, ಮೀಸೆ ಬಂತು, ಜನರ ನಡುವೆ ಬರಲು ಸಂಕೋಚಪಡುವವನಾದ. ನಾನು ಒಂದಕ್ಕೂ ಹೌದೆನ್ನಲಿಲ್ಲ, ಒಂದಕ್ಕೂ ಅಲ್ಲವೆನ್ನಲಿಲ್ಲ. ಅಂಥ ತಮಾಷೆ ಜನ್ಮಕ್ಕೊಂದು ಸಿಕ್ಕಿದರೆ ಪುಣ್ಯ.

ಈ ಪುಣ್ಯ ನನ್ನ ಕುತ್ತಿಗೆಗೆ ಬಂದದ್ದು ಜಲಜಳಿಂದ. ಅವಳು ಗುರಿಕಾರರ ತಂಗಿಯ ಮಗಳು. ನಮ್ಮಲ್ಲಿ ಹುಡುಗಿಯ ಮದುವೆಯ ಮಾತು ಸೋದರಮಾವನದು. ಅಪ್ಪ ಬಂದು ಊಟ ಮಾಡಿದರೆ ಸಾಕು. ನಾಟಕದಲ್ಲಿ ಹೆಂಗಸರು ಕುಳಿತುಕೊಳ್ಳುವ ಕಡೆಯಿಂದ ಒಂದು ನಗು ಬರುತ್ತಿತ್ತು, ನಾನು ಬಿದ್ದ ಮೇಲೆ ಅಲ್ಲ, ಬೀಳುವ ಮೊದಲು. 'ನಾನು ಬೀಳುವವನೇ ಅಲ್ಲ' ಎಂಬ ಆ ಮುಖಕ್ಕೆ. ಅದು ಯಾರೆಂದು ಹುಡುಕಿ ನೋಡಿದರೆ ಜಲಜ. ಆಮೇಲೆ ನಾನು ಆ ಮುಖವನ್ನು ಸ್ವಲ್ಪ ಉದ್ದ ಹಿಡಿಯತೊಡಗಿದೆ. ಎಷ್ಟು ಉದ್ದವೆಂದರೆ ಒಮ್ಮೆ ಬೀಳುವುದೇ ಮರೆತುಹೋಯಿತು.

ನನ್ನ ತಾಯಿ ಹೋಗಿ ಹುಡುಗಿ ಕೇಳಿದಳು. ಗುರಿಕಾರರು ಮರ್ಯಾದೆಯಿಂದಲೇ ಬೆಲ್ಲ ನೀರು ಕೊಟ್ಟು ಹೇಳಿದರಂತೆ: "ಜನರೆದುರು ಬೀಳುವವನಿಗೆ ನಮ್ಮ ಮನೆಯ ಹುಡುಗಿ ಇಲ್ಲ. ಆ ನಾಟಕ ಬರೆಯುವ ಸೋಮನಾಥನಂಥವ ಬಂದರೆ ಬೇರೆ ಮಾತು."

ತಾಯಿ ಬಂದು ಅತ್ತಳು. ನಾನು ಕುಣಿದೆ. ನೀವೂ ಕುಣಿಯುತ್ತಿದ್ದಿರಿ. ಸೋಮನಾಥನಿಗೆ ಕೊಡುತ್ತಾರಂತೆ, ಸೋಮನಾಥ ಅಂದರೆ ನಾನೇ! ಹೋಗಿ ಒಂದು ಮಾತು ಹೇಳಿದರೆ ಆಯಿತಲ್ಲ. ಸಾಕ್ಷಿಗೆ ಕಿಟ್ಟನನ್ನೂ ಎಬ್ಬಿಸಿಕೊಂಡು ಗುರಿಕಾರರ ಜಗಲಿಗೆ ಹೋದೆ.

"ಗುರಿಕಾರ್ರೇ, ಒಂದು ವಿಷಯ ಉಂಟು."

"ಹೇಳು."

"ನಾಟಕ ಬರೆಯುವುದು ನಾನು. ಎಲ್ಲ ನಾಟಕ. ಸೋಮನಾಥ ಅಂತ ಯಾರೂ ಇಲ್ಲ. ಆ ಹೆಸರು ನಾನು ಮಾಡಿದ್ದು."

ಗುರಿಕಾರರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಇಲ್ವಾ?"

"ಇಲ್ಲ."

"ಹಾಗಾದ್ರೆ ಹೋದ ವರ್ಷ ಕೂಳೂರು ಕಡವಿನಲ್ಲಿ ದೋಣಿ ಕಾಯುವಾಗ ನನ್ನ ಹತ್ರ ಮಾತಾಡಿದ್ದು ಯಾರು? ನಿನ್ನ ಅಜ್ಜನಾ?"

"ಅದು..."

"ಅವನ ಎತ್ತರ ನೋಡಿದ್ದೀಯಾ? ಅವನ ಹೆಗಲಿಗೆ ಬರ್ತೀಯಾ ನೀನು?"

ಇಲ್ಲದವನ ಹೆಗಲಿಗೆ ನಾನು ಬರುತ್ತೇನೆಯೇ ಇಲ್ಲವೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಆಮೇಲೆ, "ಬೇಕಾದ್ರೆ ಕಿಟ್ಟನ ಹತ್ರ ಕೇಳಿ," ಎಂದೆ.

ಗುರಿಕಾರರು ಕಿಟ್ಟನನ್ನು ನೋಡಿದರು. ಬರಿಯ ನೋಡಿದ್ದು, ಬೇರೆ ಏನೂ ಇಲ್ಲ. ಕಿಟ್ಟ ಒಮ್ಮೆ ಗಂಟಲು ಸರಿಮಾಡಿಕೊಂಡು ಹೇಳಿದ: "ಸೋಮನಾಥಣ್ಣ ಒಮ್ಮೆ ಕೊಟ್ಟಿಗೆಗೆ ಬಂದಿದ್ರು ಗುರಿಕಾರ್ರೇ. ನಾನೇ ಎಳನೀರಿನ ಬೊಂಡ ಕೆತ್ತಿ ಕೊಟ್ಟದ್ದು."

ನಾನು ನಿಂತಲ್ಲೇ ಬಿದ್ದೆ. ಈ ಸಲ ಮುಖ ಮಾಡದೆ.

"ಕೇಳಿದ್ಯಾ?" ಎಂದರು ಗುರಿಕಾರರು. "ಒಬ್ಬ ಮರ್ಯಾದಸ್ಥ ಕಷ್ಟಪಟ್ಟು ಬರೆದದ್ದನ್ನು ನಂದು ಅಂತಿಯಲ್ಲ, ನಿನಗೆ ಮರ್ಲಾ, ಹುಚ್ಚಾ? ಬೀಳುವವ ಬಿದ್ದುಕೊಂಡು ಇರ್ಬೇಕು. ನಾಡಿದ್ದು ಬೆಳಿಗ್ಗೆ ನಾನೇ ಹೊಳೆ ದಾಟಿ ಪಡುಹಿತ್ಲಿಗೆ ಹೋಗ್ತೇನೆ. ಜಲಜನ ಮಾತು ಅಲ್ಲೇ ಮುಗಿಸಿ ಬರ್ತೇನೆ."

ದಾರಿಯಲ್ಲಿ ಕಿಟ್ಟನ ಜುಟ್ಟು ಹಿಡಿದೆ. ಅವನು ಅಳುಮುಖ ಮಾಡಿದ. ಹೆಣ್ಣು ಪಾತ್ರದ ಅಳು ಅಲ್ಲ, ನಿಜವಾದದ್ದು. "ಎಂತ ಮಾಡುವುದು ಮಾರಾಯ? ಅವರು ನೋಡಿದ ನೋಟಕ್ಕೆ ನನಗೆ ನೆನಪಾಗಿಯೇ ಬಿಟ್ಟಿತು. ಬೊಂಡ ಎಳೆಯದಿತ್ತು."

ಈಗ ನನ್ನ ಅವಸ್ಥೆ ನೋಡಿ. ಗುರಿಕಾರರು ಹೊಳೆ ದಾಟುತ್ತಾರೆ. ಪಡುಹಿತ್ಲು ಹುಡುಕುತ್ತಾರೆ. ಅಲ್ಲಿ ಮನೆಯಿಲ್ಲ, ಮನುಷ್ಯನಿಲ್ಲ. ಅಂದರೆ ಊರಿನ ಹಿರಿಯನನ್ನು ನಾನು ಇಷ್ಟು ಕಾಲ ಆಟ ಆಡಿಸಿದ್ದೇನೆ ಎಂದು ಗೊತ್ತಾಗುತ್ತದೆ. ಆಮೇಲೆ ಜಲಜಳ ಮಾತು ಬಿಡಿ, ಬೋಳೂರಿನಲ್ಲಿ ನನಗೆ ನೀರು ಕೊಡುವವರು ಇರುವುದಿಲ್ಲ. ಹೋಗದ ಹಾಗೆ ಮಾಡಬೇಕು. ಅದಕ್ಕೆ ದಾರಿ ಒಂದೇ. ಸೋಮನಾಥ ಸಾಯಬೇಕು.

ಹೇಳಿದ ದಿನ ಬೆಳಿಗ್ಗೆ ಸಾವಿನ ಸುದ್ದಿ ಹೊತ್ತು ನಾನು ಅವರ ಮನೆಗೆ ಹೋಗುವಷ್ಟರಲ್ಲಿ ಗುರಿಕಾರರು ಹೊರಟುಹೋಗಿದ್ದರು! ಏನೂ ತೋಚದೆ ನಾನು ಬಂದರಿನ ಚಹದಂಗಡಿಗೆ ಹೋಗಿ, ಮುಖ ಸಣ್ಣ ಮಾಡಿ, "ಸೋಮನಾಥಣ್ಣ ಹೋದ್ರಂತೆ," ಎಂದೆ. ಅವರು ಹಿಂದೆ ಬರುವ ಮೊದಲು ಸುದ್ದಿಯಾದರೂ ಊರಲ್ಲಿ ಇರಲಿ ಎಂಬ ಆಸೆ. ಚಹ ಕುಡಿದು ಹಂಪನಕಟ್ಟೆಗೆ ನಡೆದೆ. ಅಲ್ಲಿ ಒಬ್ಬ ನನ್ನ ಕೈ ಹಿಡಿದು, "ಗೊತ್ತಾಯ್ತಾ ಬಾಬಣ್ಣ? ನಿಮ್ಮ ಸೋಮನಾಥ ತೀರಿಹೋದ್ರು. ವಿಷಮಜ್ವರವಂತೆ. ಡಾಕ್ಟ್ರು ದೋಣಿಯಲ್ಲಿ ಹೋಗುವಷ್ಟರಲ್ಲಿ ಆಗಿಹೋಯ್ತಂತೆ," ಎಂದು ಕಣ್ಣೊರೆಸಿಕೊಂಡ. ನನಗೆ ಗೊತ್ತಿಲ್ಲದ ವಿಷಯ ಇಷ್ಟೊಂದು ಇದೆಯಲ್ಲ ಎಂದು ನನಗೂ ಕಣ್ಣು ತುಂಬಿತು.

ಸಂಜೆ, ಬಿಸಿಲು ಇನ್ನೂ ಇರುವಾಗ, ಗುರಿಕಾರರು ಮರಳಿದರು. ಬಲೆ ಕೊಟ್ಟಿಗೆಯ ಎದುರು ಊರೇ ನಿಂತಿತ್ತು. ಕಾಲಿಗೆಲ್ಲ ಕೆಸರು, ದಿನವಿಡೀ ಸುತ್ತಾಡಿದ್ದು ಕಾಣುತ್ತಿತ್ತು. ಕೊಡೆ ಮಡಚಿದರು. ನೇರ ನನ್ನ ಮುಖ ನೋಡಿದರು. ನಾನು ದೇವರನ್ನು ನೆನೆದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಕೂಗಿದರು: "ಗುರಿಕಾರ್ರೇ, ಸೋಮನಾಥ ತೀರಿಹೋದ್ರಂತೆ ಅಲ್ವಾ?"

ಗುರಿಕಾರರು ಕೂಗಿದವನ ಕಡೆ ತಿರುಗಲಿಲ್ಲ. ನನ್ನಿಂದ ಕಣ್ಣು ತೆಗೆಯಲಿಲ್ಲ. ಊರಿನವರೆಲ್ಲ ಅವರ ಬಾಯಿ ನೋಡುತ್ತಿದ್ದರು. 'ಅಂಥ ಮನೆಯೇ ಇಲ್ಲ' ಎಂದು ಅವರು ಹೇಳಬೇಕಿತ್ತು. ಹೇಳಿದರೆ, ಸಣ್ಣವನಿರುವಾಗ ನೋಡಿದ್ದು ಯಾರನ್ನು? ಕಡವಿನಲ್ಲಿ ಮಾತಾಡಿದ್ದು ಯಾರ ಹತ್ತಿರ? ಅವರು ಮೆಲ್ಲನೆ ಕಲ್ಲಿನ ಮೇಲೆ ಕುಳಿತು, ಶಾಲಿನಿಂದ ಮುಖ ಒರೆಸಿ, ಹೇಳಿದರು:

"ಗೊತ್ತುಂಟು. ನಾನು ಹೋಗುವಾಗಲೇ ಉಸಿರು ಎಳೀತಾ ಇದ್ದ."

ಸೋಮನಾಥ ಇದ್ದಾನೆಯೇ ಹಾಗಾದರೆ? ಇದ್ದನೇ? ನಾನು ಸುಮ್ಮನೆ ಹೇಳಿದ ಮನೆ ಅಲ್ಲಿ ನಿಜವಾಗಿಯೂ ಇತ್ತೇ? ನನ್ನ ಸುಳ್ಳಿಗೆ ಪಾಪ, ಒಬ್ಬ ನಿಜವಾಗಿ ಸತ್ತನೇ?

ಮುಂದಿನ ಭಾನುವಾರ ಅದೇ ಕೊಟ್ಟಿಗೆಯಲ್ಲಿ ಸಂತಾಪ ಸಭೆ. ಗುರಿಕಾರರು ಶಾಲಿನ ಒಳಗಿನಿಂದ ಈ ಫೋಟೋ ತೆಗೆದು ಕುರ್ಚಿಯ ಮೇಲೆ ಇಟ್ಟರು. "ಹೌದು, ಅವರೇ," ಎಂದರು ಜನ. ಕಿಟ್ಟ ಎಲ್ಲರಿಗಿಂತ ಜೋರಾಗಿ ಎಂದ. ನಾನೂ ನೋಡಿದೆ. ನನಗಿಂತ ಚಂದ ಇದ್ದಾನೆ ಎಂಬುದೊಂದೇ ನನಗೆ ಬೇಸರ. ಸಭೆಯಲ್ಲಿ ಒಬ್ಬರ ಮೇಲೊಬ್ಬರು ಎದ್ದು ಸೋಮನಾಥನ ಗುಣ ಹೊಗಳಿದರು. ನನ್ನ ಸರದಿ ಬಂದಾಗ ನಾನು ಬರೆದ ನಾಟಕಗಳನ್ನು ನಾನೇ ಹೊಗಳುವ ಅವಕಾಶ ಸಿಕ್ಕಿತು. ಮನಸ್ಸು ತುಂಬುವಷ್ಟು ಹೊಗಳಿದೆ. ಜೀವಮಾನದಲ್ಲಿ ಯಾವ ನಾಟಕಕಾರನಿಗೂ ಅಂಥ ಭಾಗ್ಯವಿಲ್ಲ, ಅದನ್ನು ಬರೆದಿಟ್ಟುಕೊಳ್ಳಿ.

ಕೊನೆಗೆ ಒಬ್ಬ ಮುದುಕಿ ಕೇಳಿದಳು: "ಗುರಿಕಾರ್ರೇ, ಸಾಯುವಾಗ ಎಂತ ಹೇಳಿದ ಆ ಮಗ?"

ಗುರಿಕಾರರು ಎದ್ದು ನಿಂತರು. ಅವರ ಕಣ್ಣು ಜನರ ಮೇಲೆ ಹೋಯಿತು, ಹೆಂಗಸರ ಕಡೆ ಹೋಯಿತು. ಅಲ್ಲಿ ಜಲಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಅಲ್ಲಿಂದ ಆ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಎರಡು ಮಾತು ಹೇಳಿದ," ಎಂದರು. "ಬಾಬುವಿಗೆ ಹೆಣ್ಣು ಕೊಡುವವರು ಯಾರೂ ಇಲ್ಲ, ನಿಮ್ಮ ಹುಡುಗಿಯನ್ನು ಅವನಿಗೆ ಕೊಡಿ ಅಂದ. ಸಾಯುವವನ ಕೈ ಹಿಡ್ಕೊಂಡು ಹೌದು ಅಂದುಬಿಟ್ಟೆ, ಇನ್ನು ಎಂತ ಮಾಡ್ಲಿಕ್ಕಾಗ್ತದೆ?"

ಜನ ನಿಟ್ಟುಸಿರು ಬಿಟ್ಟರು. ನನ್ನ ತಾಯಿ ಫೋಟೋಕ್ಕೆ ಅಡ್ಡಬಿದ್ದಳು.

"ಇನ್ನೊಂದು: ನಾನು ಬರೆದ ನಾಟಕ ಒಂದು ಪೆಟ್ಟಿಗೆ ತುಂಬ ಉಂಟು, ಬಾಬು ಒಂದೊಂದೇ ಆಡ್ಲಿ ಅಂದ. ಬೀಗದ ಕೈ ನನ್ನ ಹತ್ರ ಉಂಟು." ಸೊಂಟ ತಟ್ಟಿ ತೋರಿಸಿದರು. ನಿಜವಾಗಿಯೂ ಬೀಗದ ಕೈ ಸದ್ದಾಯಿತು.

ಹೀಗೆ ಜಲಜ ನನಗೆ ಸಿಕ್ಕಿದಳು, ನನ್ನ ನಾಟಕಗಳು ಕೈಬಿಟ್ಟುಹೋದವು; ಇನ್ನು ಮುಂದೆ ಬರೆಯುವುದೂ ಆ ಪೆಟ್ಟಿಗೆಯದೇ ಎಂದಾಯಿತು. ಆಮೇಲೆ ಎಷ್ಟು ವರ್ಷ ಬರೆದೆ, ಎಷ್ಟು ಆಡಿಸಿದೆ! ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗದೆ ಗ್ಯಾಸ್‌ಲೈಟ್ ಉರಿಯದಿದ್ದಾಗ ಮಧ್ಯಾಹ್ನದ ಬಿಸಿಲಿನಲ್ಲೇ ನಾಟಕ ಆಡಿದೆವು. ನಮ್ಮ ನಾಯಕಿಯ ಗಡ್ಡವನ್ನು ಜನ ಮೊದಲ ಬಾರಿ ನೋಡಿದ್ದು ಆಗ. ಅದಕ್ಕೂ ನಕ್ಕರು. ಆದರೆ ನಾಟಕ ಚಂದವಾದರೆ, "ಸೋಮನಾಥನ ಬುದ್ಧಿ ನೋಡಿ!" ಕೆಟ್ಟರೆ, "ಬಾಬು ಹಾಳುಮಾಡಿದ." ಸೀಮೆಎಣ್ಣೆ ಸಿಗುವುದಿಲ್ಲ ಎಂಬ ತಮಾಷೆ ನಾಟಕದಲ್ಲಿ ಬಂದಾಗ, ಇಷ್ಟು ಹಿಂದೆ ಸತ್ತವನಿಗೆ ಯುದ್ಧ ಬರುತ್ತದೆಂದು ಹೇಗೆ ಗೊತ್ತಿತ್ತು ಎಂದು ಒಬ್ಬನಾದರೂ ಕೇಳಬೇಡವೇ? "ಎಂಥ ದೂರದೃಷ್ಟಿ!" ಎಂದರು.

ಜಲಜಳಿಗೆ ಮದುವೆಯ ಹೊಸತರಲ್ಲೇ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಆಯ್ತು, ನೀವೇ ಬರೆದದ್ದು," ಎಂದಳು, ಹಟ ಮಾಡುವ ಮಕ್ಕಳಿಗೆ ಹೇಳುವ ಹಾಗೆ. ಮರುದಿನ ಬೆಳಿಗ್ಗೆ, ಸೋದರಮಾವ ಮದುವೆಗೆ ಕೊಟ್ಟ ಈ ಫೋಟೋಕ್ಕೆ ಹೂ ಇಟ್ಟಳು.

ನಾನು ಕೂಳೂರು ದಾಟಿ ಹುಡುಕಲಿಲ್ಲವೇ ಎಂದು ನೀವು ಕೇಳಬಹುದು. ಹೊರಟಿದ್ದೆ, ಕಡವಿನವರೆಗೆ ಹೋಗಿದ್ದೆ. ದೋಣಿಯವನು, "ಎಲ್ಲಿಗೆ?" ಎಂದ. "ಪಡುಹಿತ್ಲಿಗೆ," ಎಂದೆ. "ಓ, ಸೋಮನಾಥಣ್ಣನ ಮನೆಗಾ? ಬನ್ನಿ," ಎಂದ. ನನಗೆ ಹೆದರಿಕೆಯಾಗಿ ಹಿಂದೆ ಬಂದೆ. ಊರಲ್ಲಿ ನಾನು ಎಷ್ಟೋ ಜನರ ತಲೆ ತಿರುಗಿಸಿದವನು. ನನ್ನ ತಲೆ ತಿರುಗಿಸಿದವನು ಆ ದೋಣಿಯವನೊಬ್ಬನೇ.

ಗುರಿಕಾರರನ್ನು ಒಮ್ಮೆ ಕೇಳಿಯೇ ಬಿಟ್ಟೆ. ಆಗ ಅವರಿಗೆ ತುಂಬ ವಯಸ್ಸಾಗಿತ್ತು. ಅಡಿಕೆಯನ್ನು ನಾನೇ ಕುಟ್ಟಿ ಕೊಡುತ್ತಿದ್ದೆ. ಜಗಲಿಯಲ್ಲಿ ನಾವಿಬ್ಬರೇ.

"ಮಾವ, ಇನ್ನಾದ್ರೂ ನಿಜ ಹೇಳಿ. ಆ ದಿನ ಹೊಳೆ ದಾಟಿ ಹೋದಾಗ ನೀವು ಎಂತ ನೋಡಿದ್ರಿ?"

ಅವರು ಅಡಿಕೆ ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು.

"ಒಳ್ಳೆ ಮನೆ. ಎದುರು ಬಾವಿ ಉಂಟು. ಒಳಗೆ ಮಲಗಿದ್ದ. ನಿನ್ನ ವಿಷಯವೇ ಮಾತಾಡಿದ. ನಿನ್ನ ಮೇಲೆ ತುಂಬ ಪ್ರೀತಿ ಅವನಿಗೆ."

"ಯಾಕೆ ಮಾವ?"

"ಅದೇ ನನಗೂ ಅರ್ಥ ಆಗ್ಲಿಲ್ಲ," ಎಂದು ನನ್ನನ್ನು ನೋಡಿದರು. ಬೀಳುವ ಮೊದಲು ನಾನು ಮಾಡುತ್ತಿದ್ದ ಮುಖವಿದೆಯಲ್ಲ, ಅದೇ ಮುಖ. ನನಗಿಂತ ಚೆನ್ನಾಗಿ ಹಿಡಿದಿದ್ದರು. ಕೊನೆಯವರೆಗೂ ಬೀಳಲಿಲ್ಲ.

ಸುಣ್ಣ ಒಣಗಿತು. ಸಾಮಾನೆಲ್ಲ ಒಳಗೆ ಹೋಯಿತು. ಸೊಸೆ ಸ್ಟೂಲಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೊಳೆ ಹಿಡಿದು ಕೇಳಿದಳು: "ಮಾವ, ಇಲ್ಲಿ ಸಾಕಾ?"

ನಾನು ದೂರ ನಿಂತು, ತಲೆ ಓರೆ ಮಾಡಿ ನೋಡಿದೆ.

"ಸ್ವಲ್ಪ ಮೇಲೆ ಹೊಡಿ ಮಗಾ," ಎಂದೆ. "ಅವನು ಎತ್ತರದ ಜನ."